ಸಿರುಗುಪ್ಪಕ್ಕೆ ವರ್ಗವಾಗಿ ಬರುವವರೇ, ಶಾಲೆಯ ಬೋರ್ಡು ನೋಡಿ ಫೀ ಕಟ್ಟಬೇಡಿ

ಮೈಸೂರಿನಿಂದ ಆಂಧ್ರ ಗಡಿಯ ನಮ್ಮ ಸಿರುಗುಪ್ಪಕ್ಕೆ ಬರುತ್ತಿದ್ದೀರಿ, ಮಗನಿಗೆ ಯಾವ ಇಂಗ್ಲಿಷ್ ಮೀಡಿಯಂ ಶಾಲೆ ಒಳ್ಳೆಯದು ಅಂತ ಕೇಳಿದ್ದೀರಿ. ಶಾಲೆಗೇನೂ ಬರ ಇಲ್ಲ ಸರ್. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆ ನಿಂತ ಊರುಗಳಿಗೆ ನಾವು ಕ್ಯಾಂಪ್ ಅಂತೇವೆ. ಆ ಕ್ಯಾಂಪ್‌ಗಳಿಗೂ ಈಗ ಬೆಳಿಗ್ಗೆ ಹಳದಿ ಬಸ್ಸು ಬರುತ್ತೆ. ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಕ್ಕಳಿಗೆ ಇದೇನು ಕಷ್ಟ ಅಲ್ಲ, ಕಷ್ಟ ಇರೋದು ಕಾಗದದಲ್ಲಿ.

ನಮ್ಮಕ್ಕನ ಮಗ ಓದಿದ ಶಾಲೆಗೆ ಅನುಮತಿ ಇದ್ದದ್ದು ಐದನೇ ತರಗತಿವರೆಗೆ. ಅವರು ನಡೆಸಿದ್ದು ಏಳನೆಯವರೆಗೆ. ಟಿಸಿ ಕೇಳಿದರೆ ಬೇರೊಂದು ಶಾಲೆಯ ಸೀಲು ಹೊಡೆದು ಕೊಟ್ಟರು! ಆ ಶಾಲೆಯ ಮೆಟ್ಟಿಲನ್ನೇ ಹುಡುಗ ಹತ್ತಿರಲಿಲ್ಲ. ಎರಡು ವರ್ಷ ಅವನ ಹಾಜರಿ ಅಲ್ಲಿ ಬಿದ್ದಿತ್ತಂತೆ.

ಹೀಗೆ ಮಾಡಬಾರದು ಅಂತ ಕಾನೂನು ಚೆನ್ನಾಗೇ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ನೋಂದಣಿ ಬೇರೆ, ಮಾನ್ಯತೆ ಬೇರೆ. 2009ರ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ನಡೆಸಿದರೆ ದಿನಕ್ಕೆ 10,000ದವರೆಗೆ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವರು ನೋಟಿಸ್ ಕೊಡುವ ಹೊತ್ತಿಗೆ ಮಕ್ಕಳು ಅರ್ಧ ವರ್ಷ ಓದಿರುತ್ತಾರೆ. ನಡುವಲ್ಲಿ ಬೀಗ ಹಾಕಿದರೆ ಮಕ್ಕಳು ಎಲ್ಲಿ ಹೋಗಬೇಕು? ಅದನ್ನೇ ನೆಪ ಮಾಡಿಕೊಂಡು ಆಡಳಿತ ಮಂಡಳಿಯವರು ದಿನ ದೂಡುತ್ತಾರೆ.

ಅದಕ್ಕೇ ಫೀ ಕಟ್ಟುವ ಮೊದಲು ಮಾನ್ಯತೆ ಪತ್ರ ತೋರಿಸಿ ಅನ್ನಿ. ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮ, ನವೀಕರಣ ಆಗಿದೆಯಾ, ಇಷ್ಟು ನೋಡಿ. ಡೈಸ್ ಕೋಡ್, ಅಂದರೆ ಸರ್ಕಾರಿ ದಾಖಲೆಯಲ್ಲಿ ಶಾಲೆಗಿರುವ ನಂಬರ್ ಕೇಳಿ. "ಫೈಲ್ ಬಳ್ಳಾರಿಗೆ ಹೋಗಿದೆ, ನಾಳೆ ನಾಡಿದ್ದು ಬರುತ್ತೆ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಕಟ್ಟಡ ಸುರಕ್ಷತೆ, ಅಗ್ನಿಶಾಮಕ ದಳದ ಪತ್ರಗಳನ್ನೂ ಕೇಳಿ, ನಾಚಿಕೆ ಬೇಡ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಖಾಸಗಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತಿದ್ದರು. ಈ ಪತ್ರಗಳ ಮೇಲೆ ಇಷ್ಟು ಒತ್ತು ಬಂದದ್ದು ಅದಾದ ಮೇಲೇ.

ಗಡಿಯಲ್ಲಿ ಇದರ ಪೆಟ್ಟು ಜಾಸ್ತಿ. ಸಿಇಟಿ ಸೀಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿದ್ದಕ್ಕೆ ವ್ಯಾಸಂಗ ಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿ ಬೇಕು. ಶಾಲೆಗೇ ಮಾನ್ಯತೆ ಇಲ್ಲದಿದ್ದರೆ ಅವರು ಯಾವುದಕ್ಕೆ ಸಹಿ ಹಾಕ್ತಾರೆ? ಇಲ್ಲಿನ ಕೆಲವರು ಮಕ್ಕಳನ್ನು ಆಂಧ್ರದ ಆದೋನಿ ಹಾಸ್ಟೆಲ್‌ಗೆ ಹಾಕಿ, ಪಿಯುಸಿ ಮುಗಿದ ಮೇಲೆ ಈ ಲೆಕ್ಕ ಹಾಕಲು ಕೂರುತ್ತಾರೆ.

ಖಾಸಗಿ ಶಾಲೆಯಲ್ಲಿ ಫೀ ಇಲ್ಲದ ಆರ್‌ಟಿಇ ಸೀಟಿನ ಆಸೆ ಬಿಡಿ. 2019ರಿಂದ ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗಲ್ಲ. ಮೈಸೂರಿನ ಟಿಸಿಯಲ್ಲಿ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗಿರುವ ನಂಬರ್) ಇದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಆಮೇಲೆ ಅದೊಂದಕ್ಕೆ ಅಷ್ಟು ದೂರ ಓಡಾಡಬೇಕಾಗುತ್ತೆ.