ಟೊರೊಂಟೋದಲ್ಲಿ ಮನೆ ಮಾರಲು ನಮ್ಮವರಾ, ಆ ಬೀದಿಯವರಾ?

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಮನೆಯವರಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಟೊರೊಂಟೋದ ನಾರ್ತ್ ಯಾರ್ಕ್‌ನಲ್ಲಿ ಕಾಂಡೋ, ಅಂದರೆ ಅಪಾರ್ಟ್‌ಮೆಂಟ್ ಮನೆ, ಕೊಂಡು ಹತ್ತು ತಿಂಗಳಾಗಿದೆ, ಈಗ ಕಂಪನಿ ಕ್ಯಾಲ್ಗರಿಗೆ ಕಳಿಸುತ್ತಿದೆ, ಮನೆ ಮಾರಬೇಕು ಅಂದಿದ್ದೀರಿ. ಪರಿಚಯದ ಕನ್ನಡದ ರಿಯಲ್ಟರ್ (ಮನೆ ಮಾರಿಸುವ ಏಜೆಂಟ್) ಒಬ್ಬರು ಬೇರೆ ಊರಾದ ಬ್ರಾಂಪ್ಟನ್‌ನಲ್ಲಿದ್ದಾರೆ, ಅವರಿಗೇ ಕೊಡಲಾ, ಇಲ್ಲಾ ನಾವೇ ಮಾರಿಕೊಂಡು ಕಮಿಷನ್ ಉಳಿಸಲಾ ಅಂತ ಕೇಳಿದ್ದೀರಿ.

ನಿಮ್ಮ ಬಿಲ್ಡಿಂಗ್ ಸುತ್ತಮುತ್ತ ದಿನಾ ಓಡಾಡಿ ಮನೆ ಮಾರುವವರನ್ನು ಹುಡುಕಿ. ಅವರಿಗೆ ಕನ್ನಡ ಬಂದರೆ ಸಂತೋಷ, ಬರದಿದ್ದರೂ ಪರವಾಗಿಲ್ಲ. ಇದನ್ನು ನಾವು ಮೂರು ತಿಂಗಳು ಕಳೆದುಕೊಂಡು ಕಲಿತೆವು.

2023ರ ಅಕ್ಟೋಬರ್‌ನಲ್ಲಿ ಫಿಂಚ್ ಸ್ಟೇಷನ್ ಹತ್ತಿರದ ನಮ್ಮ ಎರಡು ಬೆಡ್‌ರೂಮಿನ ಮನೆ ಮಾರಲು ಹೊರಟೆವು. ಹಬ್ಬದ ಊಟದಲ್ಲಿ ಪರಿಚಯವಾದವರೊಬ್ಬರಿಗೆ ವಹಿಸಿದೆವು. ಬೇರೆ ಊರಾದ ಮಿಲ್ಟನ್ ಕಡೆ ಮನೆಗಳನ್ನು ಚೆನ್ನಾಗಿ ಮಾರುತ್ತಿದ್ದರು. ಮನುಷ್ಯ ತುಂಬಾ ಒಳ್ಳೆಯವರು, ಇವತ್ತಿಗೂ ನಮ್ಮಲ್ಲಿಗೆ ಬಂದು ಹೋಗುತ್ತಾರೆ. ಆದರೆ ಕಾಂಡೋ ಅವರಿಗೆ ಹೊಸದು. ಬೆಲೆ ಬೇಕಂತಲೇ ಕಡಿಮೆ ಹಾಕೋಣ, ಒಂದು ದಿನ ಗೊತ್ತು ಮಾಡಿ ಎಲ್ಲರ ಆಫರ್ ಒಟ್ಟಿಗೆ ತೆಗೆದುಕೊಳ್ಳೋಣ, ಪೈಪೋಟಿಯಲ್ಲಿ ಬೆಲೆ ತಾನಾಗೇ ಏರುತ್ತೆ ಅಂದರು. 2021ರಲ್ಲಿ ಅದು ನಡೆಯುತ್ತಿತ್ತು. ನಾವು ಮಾರುವ ಹೊತ್ತಿಗೆ ಬ್ಯಾಂಕ್ ಆಫ್ ಕೆನಡಾ ಬಡ್ಡಿಯನ್ನು 0.25ರಿಂದ 5 ಪರ್ಸೆಂಟ್‌ಗೆ ಏರಿಸಿಯಾಗಿತ್ತು, ಪೈಪೋಟಿಗೆ ಬರುವವರೇ ಇರಲಿಲ್ಲ. ಆಫರ್‌ಗೆ ಗೊತ್ತು ಮಾಡಿದ್ದ ದಿನ ರಾತ್ರಿ ಏಳರಿಂದ ಹತ್ತರವರೆಗೆ ನಾವಿಬ್ಬರೂ ಊಟದ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಕೂತಿದ್ದೆವು. ಮಾಡಿದ ಚಿತ್ರಾನ್ನ ಹಾಗೇ ತಣ್ಣಗಾಯಿತು. ಒಂದೇ ಒಂದು ಆಫರ್ ಬರಲಿಲ್ಲ. ಮರುದಿನ ಬೆಲೆ ಏರಿಸಿ ಮತ್ತೆ ಹಾಕಿದರು. ಇಲ್ಲಿ ಹಳೇ ಬೆಲೆ ಎಷ್ಟಿತ್ತು, ಎಷ್ಟು ದಿನದಿಂದ ಮಾರಾಟಕ್ಕಿದೆ ಅನ್ನೋದೆಲ್ಲ ಕೊಳ್ಳುವವರ ಫೋನಿನಲ್ಲೇ ಕಾಣುತ್ತದೆ. ಇಷ್ಟು ದಿನ ಯಾಕೆ ಹೋಗಿಲ್ಲ, ಏನೋ ತೊಂದರೆ ಇರಬೇಕು ಅಂತ ಜನ ಹಿಂದೆ ಸರಿದರು.

ಜನವರಿಯಲ್ಲಿ ಅವರ ಜೊತೆಗಿನ ಒಪ್ಪಂದ ಮುಗಿಯಿತು. ಆಮೇಲೆ ಬಂದ ಏಜೆಂಟ್ ಎರಡು ಬೀದಿ ಆಚೆ ಇರುವ ಇರಾನಿನ ಹೆಂಗಸು. ಅಡುಗೆಮನೆ ನೋಡುವ ಮೊದಲೇ ಬಾಲ್ಕನಿ ಬಾಗಿಲು ತೆಗೆದು ಆ ಚಳಿಯಲ್ಲೂ ಎರಡು ನಿಮಿಷ ಸುಮ್ನೆ ನಿಂತರು. 'ಈ ಸಾಲಿನ ಮನೆಗಳಿಗೆ ಯಂಗ್ ಸ್ಟ್ರೀಟ್‌ನ ಸದ್ದು ಬರಲ್ಲ, ಆ ಕಡೆಯ ಸಾಲಿಗೆ ಬರುತ್ತೆ. ಇದನ್ನು ಜಾಹೀರಾತಿನಲ್ಲಿ ಬರೆದೇ ಇಲ್ಲವಲ್ಲ' ಅಂದರು. ನಮ್ಮದೇ ಪ್ಲಾನಿನ ಮೂರು ಮನೆ ಹಿಂದಿನ ವರ್ಷ ಎಷ್ಟೆಷ್ಟಕ್ಕೆ ಹೋದವು, ಯಾವುದಕ್ಕೆ ಪಾರ್ಕಿಂಗ್ ಇತ್ತು, ಯಾವುದಕ್ಕೆ ಲಾಕರ್ (ಸಾಮಾನು ಇಡುವ ಜಾಗ) ಇರಲಿಲ್ಲ ಅನ್ನೋದನ್ನೆಲ್ಲ ಬಾಯಲ್ಲೇ ಹೇಳಿದರು. ನಮ್ಮ ಮನೆಯ ನಿಜವಾದ ಬೆಲೆಯನ್ನೇ ಹಾಕಿಸಿದರು. ಸ್ಟೇಟಸ್ ಸರ್ಟಿಫಿಕೇಟನ್ನು ಮೊದಲೇ ತರಿಸಿ ಇಟ್ಟರು. ಕಾಂಡೋ ಸಂಘದ ಬಳಿ ರಿಪೇರಿ ನಿಧಿ ಎಷ್ಟಿದೆ, ಮಾಲೀಕರ ಮೇಲೆ ಹೊಸ ಹೊರೆ ಏನಾದರೂ ಬರಲಿದೆಯಾ ಅನ್ನೋದು ಅದರಲ್ಲಿರುತ್ತೆ. ಬೆಂಗಳೂರಿನಲ್ಲಿ ಖಾತೆ, ಇಸಿ ನೋಡದೆ ಯಾರೂ ಮುಂದೆ ಬರಲ್ಲ ಅಲ್ವಾ, ಹಾಗೆ ಇಲ್ಲಿ ಕೊಳ್ಳುವವರ ಲಾಯರ್ ಇದನ್ನು ಕೇಳಿಯೇ ಕೇಳುತ್ತಾರೆ. ಸಂಘ 10 ದಿನದೊಳಗೆ ಕೊಡಬೇಕು, 100 ಡಾಲರ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಮನೆ ಮಾರಾಟವಾಯಿತು.

ಕಮಿಷನ್ ವಿಷಯಕ್ಕೆ ಬರೋಣ. ಇಷ್ಟೇ ಅಂತ ಕಾನೂನಿಲ್ಲ, ಮಾತಾಡಿ ಇಳಿಸಬಹುದು. ಸಾಮಾನ್ಯವಾಗಿ 5 ಪರ್ಸೆಂಟ್ ಕೇಳುತ್ತಾರೆ, ಅದರಲ್ಲಿ ಅರ್ಧ ಕೊಳ್ಳುವವರ ಏಜೆಂಟ್‌ಗೆ ಹೋಗುತ್ತದೆ. 6 ಲಕ್ಷ ಡಾಲರ್‌ನ ಮನೆಗೆ 30,000, ಅದರ ಮೇಲೆ 13 ಪರ್ಸೆಂಟ್ ಎಚ್‌ಎಸ್‌ಟಿ (ಮಾರಾಟ ತೆರಿಗೆ) ಅಂದರೆ 3,900. ದೊಡ್ಡ ಮೊತ್ತವೇ, ಹೊಟ್ಟೆ ಉರಿಯುತ್ತೆ, ಗೊತ್ತು. ನೀವೇ ಮಾರಬಹುದು, ತಡೆಯಿಲ್ಲ. ಆದರೆ ಕೊಳ್ಳುವವರು ಏಜೆಂಟ್ ಜೊತೆ ಬಂದರೆ ಆ ಅರ್ಧ ಹೇಗೂ ಕೇಳುತ್ತಾರೆ. ನೀವು ಕ್ಯಾಲ್ಗರಿಯಲ್ಲಿದ್ದರೆ ಇಲ್ಲಿ ಬಾಗಿಲು ತೆಗೆಯುವವರು ಯಾರು?

ರುಜು ಹಾಕುವ ಮೊದಲು ಒಪ್ಪಂದವನ್ನು ಪೂರ್ತಿ ಓದಿ. ಒಪ್ಪಂದ ಆಗೋದು ಏಜೆಂಟ್ ಜೊತೆಗಲ್ಲ, ಅವರ ಬ್ರೋಕರೇಜ್, ಅಂದರೆ ಅವರು ಕೆಲಸ ಮಾಡುವ ಕಂಪನಿಯ ಜೊತೆಗೆ. ಕೆಲಸ ಸರಿ ಬರಲಿಲ್ಲ ಅಂತ ನಡುವೆ ಬಿಡಿಸಿಕೊಳ್ಳೋದು ಕಷ್ಟ, ನಾವು ಅದಕ್ಕೇ ಜನವರಿವರೆಗೆ ಕಾದದ್ದು. ಒಪ್ಪಂದದ ಅವಧಿ 60 ದಿನ ಮಾತ್ರ ಇರಲಿ ಅಂತ ಕೇಳಿ ನೋಡಿ. ಹೋಲ್ಡೋವರ್ ಅಂತ ಒಂದು ಷರತ್ತು ಇರುತ್ತೆ: ಮನೆ ನೋಡಿ ಹೋದವರು ಒಪ್ಪಂದ ಮುಗಿದ ಮೇಲೆ ಇಂತಿಷ್ಟು ದಿನದೊಳಗೆ ಕೊಂಡರೂ ಕಮಿಷನ್ ಕೇಳುವ ಹಕ್ಕು ಬ್ರೋಕರೇಜ್‌ಗಿರುತ್ತೆ. ಆ ದಿನಗಳನ್ನೂ ಕಡಿಮೆ ಮಾಡಿಸಿ. ಏಜೆಂಟ್ ಹೆಸರನ್ನು ರೆಕೋ (ಒಂಟಾರಿಯೋದ ಏಜೆಂಟ್‌ಗಳ ನಿಯಂತ್ರಣ ಸಂಸ್ಥೆ, RECO) ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಲೈಸೆನ್ಸ್ ಇದೆಯಾ, ಶಿಸ್ತುಕ್ರಮ ಆಗಿದೆಯಾ ಗೊತ್ತಾಗುತ್ತೆ. ಬ್ರಾಂಪ್ಟನ್‌ನ ನಿಮ್ಮ ಪರಿಚಯದವರಿಗೆ ಬೇಜಾರಾಗುತ್ತೆ ಅನ್ನಿಸಿದರೆ, ಇಲ್ಲಿನ ಒಳ್ಳೆಯ ಏಜೆಂಟ್ ಒಬ್ಬರನ್ನು ತೋರಿಸಿಕೊಡಿ ಅಂತ ಅವರನ್ನೇ ಕೇಳಿ. ಹಾಗೆ ಕಳಿಸಿಕೊಟ್ಟವರಿಗೂ ಕಮಿಷನ್‌ನಲ್ಲಿ ಒಂದು ಪಾಲು ಸಿಗುವ ಪದ್ಧತಿ ಇದೆ.

ಇದಕ್ಕೆಲ್ಲ ಮೊದಲು ನಾಳೆಯೇ ಎರಡು ಫೋನ್ ಮಾಡಿ. ಒಂದು ಬ್ಯಾಂಕಿಗೆ. ಫಿಕ್ಸೆಡ್ ಬಡ್ಡಿಯ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಸಾವಿರಾರು ಡಾಲರ್ ಆಗಬಹುದು, ಅದೇ ಸಾಲವನ್ನು ಕ್ಯಾಲ್ಗರಿಯ ಮನೆಗೆ ಪೋರ್ಟ್ ಮಾಡಲು (ವರ್ಗಾಯಿಸಲು) ಬರುತ್ತದಾ ಕೇಳಿ. ಇನ್ನೊಂದು ಅಕೌಂಟೆಂಟ್‌ಗೆ. ಸ್ವಂತ ವಾಸದ ಮನೆಯ ಲಾಭಕ್ಕೆ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ 2023ರಿಂದ 365 ದಿನದೊಳಗೆ ಮಾರಿದರೆ ಲಾಭವನ್ನು ವ್ಯಾಪಾರದ ಆದಾಯ ಅಂತಲೇ ನೋಡುತ್ತಾರೆ. ಕೆಲಸಕ್ಕಾಗಿ ಊರು ಬಿಡುವವರಿಗೆ ವಿನಾಯಿತಿ ಇದೆ. ಕಂಪನಿಯ ವರ್ಗಾವಣೆ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತೆರಿಗೆ ಇಲ್ಲದಿದ್ದರೂ ಮಾರಾಟವನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು.

ಕೊನೇ ದಿನಕ್ಕೆ ಊರಿನ ಹಾಗೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಯೋದೇನಿಲ್ಲ, ಎರಡೂ ಕಡೆಯ ಲಾಯರ್‌ಗಳು ಕಂಪ್ಯೂಟರಿನಲ್ಲೇ ನೋಂದಣಿ ಮುಗಿಸುತ್ತಾರೆ. ನೀವು ಬಿಟ್ಟುಹೋಗಬೇಕಾದ್ದು ಫಾಬ್‌ಗಳು (ಬಿಲ್ಡಿಂಗ್ ಬಾಗಿಲಿನ ಎಲೆಕ್ಟ್ರಾನಿಕ್ ಕೀ), ಟಪಾಲು ಡಬ್ಬಿಯ ಕೀ, ಲಾಕರ್ ಕೀ, ಗ್ಯಾರೇಜ್ ರಿಮೋಟ್. ಹೊರಡುವ ಮೊದಲು ಒಂದು ಶನಿವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಮ್ಮ ಎರಡೂ ಒಪ್ಪಂದದ ಕಾಗದ ಫೈಲಿನಲ್ಲಿವೆ, ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.