ಮನೆ ಕೆಡವುವ ಮೊದಲು ತಾರಸಿ ಹತ್ತಿ ನೋಡಿ

ದಾವಣಗೆರೆಯ ಓದುಗರೊಬ್ಬರ ಪತ್ರ, ಚಿಕ್ಕದಾಗಿ:

"ನಮ್ಮದು ಅಜ್ಜ ಕಟ್ಟಿಸಿದ ಮನೆ. ಮುಂಭಾಗ ಮಂಗಳೂರು ಹೆಂಚಿನದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಹಿಂಭಾಗ ಮತ್ತು ಮಹಡಿಯ ಎರಡು ಕೋಣೆ 1988ರಲ್ಲಿ ಆರ್‌ಸಿಸಿ ಹಾಕಿ ಕಟ್ಟಿದ್ದು. ಬೇಸಿಗೆಯಲ್ಲಿ ಮಹಡಿಯ ಮೇಲೆ ಮಲಗೋಕೇ ಆಗಲ್ಲ. ಮಳೆಗಾಲದಲ್ಲಿ ಮುಂದಿನ ಗೋಡೆಯ ಬುಡ ಉಪ್ಪು ಬಿಟ್ಟು ಉದುರುತ್ತದೆ. ವರ್ಷಕ್ಕೆ ಸುಮಾರು 2,400 ಯೂನಿಟ್ ಕರೆಂಟ್ ಬೇಕು. ಮಾರ್ಚ್‌ನಿಂದ ಮೇ ತನಕ ತಿಂಗಳಿಗೆ 200 ಯೂನಿಟ್ ದಾಟಿ ಗೃಹಜ್ಯೋತಿ ಕೈತಪ್ಪುತ್ತದೆ. ಕಂಟ್ರಾಕ್ಟರ್ ಎಲ್ಲ ಕೆಡವಿ ಹೊಸದಾಗಿ ಕಟ್ಟಿ ಅಂತಾರೆ. ಮಗ ಎರಡು ಏಸಿ ಹಾಕಿಸಿ ಮೇಲೆ ಸೋಲಾರ್ ಕೂರಿಸೋಣ ಅಂತಾನೆ. ಹಳೇ ಮನೆಗೆ ದುಡ್ಡು ಸುರಿಯೋದರಲ್ಲಿ ಅರ್ಥ ಇದೆಯಾ?"

ಸಂಪಾದಕರ ಉತ್ತರ:

ಅರ್ಥ ಇದೆ. ಕೆಡವಬೇಡಿ. ಏಸಿಯನ್ನೂ ಈಗಲೇ ತರಬೇಡಿ. ನಿಮ್ಮ ಮನೆಯ ತೊಂದರೆ ಇರುವುದು ಮುಖ್ಯವಾಗಿ ತಲೆಯ ಮೇಲೆ, ಅಂದರೆ 1988ರ ಆ ಸ್ಲ್ಯಾಬಿನಲ್ಲಿ. ಅದನ್ನು ಸರಿಮಾಡಲು ಇಡೀ ಮನೆ ನೆಲಕ್ಕೆ ಉರುಳಬೇಕಾಗಿಲ್ಲ.

ಮೊದಲು ಕೆಡವುವ ಮಾತು ಮುಗಿಸೋಣ. ಹೊಸ ಮನೆ ಕಟ್ಟಿದರೆ ಕರೆಂಟ್ ಉಳಿಯುತ್ತದೆ ಅಂತ ಕಂಟ್ರಾಕ್ಟರ್ ಹೇಳಿರಬಹುದು. ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಮೇಸ್ತ್ರಿಗಳೆಲ್ಲ ಬಳಸುವ ಅಂದಾಜಿನ ಪ್ರಕಾರ ಚದರಡಿಗೆ 0.4 ಚೀಲ ಸಿಮೆಂಟ್, 4 ಕಿಲೋ ಕಬ್ಬಿಣ ಬೇಕು. 2,000 ಚದರಡಿಯ ಮನೆಗೆ 800 ಚೀಲ ಸಿಮೆಂಟ್ ಆಯಿತು, ಅಂದರೆ 40 ಟನ್. ಕಬ್ಬಿಣ 8 ಟನ್. ಇವನ್ನು ತಯಾರಿಸುವಾಗಲೇ 40 ಟನ್‌ಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟ್ ಹುಟ್ಟಲು ಸುಮಾರು 0.7 ಕಿಲೋ ಹೊರಬೀಳುತ್ತದೆ. ಹಾಗಾಗಿ ನೀವು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸುವ ಕರೆಂಟಿನಷ್ಟು ಹೊಗೆ ಗೃಹಪ್ರವೇಶದ ದಿನಕ್ಕೇ ಆಗಿಹೋಗಿರುತ್ತದೆ. ಇಟ್ಟಿಗೆ, ಟೈಲ್ಸ್, ಲಾರಿ ಬಾಡಿಗೆ, ಕೆಡವಿದ ಮಣ್ಣನ್ನು ಎಲ್ಲೋ ಸುರಿಯುವುದು, ಇವು ಯಾವುವೂ ಇದರಲ್ಲಿ ಸೇರಿಲ್ಲ. ಅಷ್ಟು ಮಾಡಿ ಸಿಗುವುದೇನು? ಆರಿಂಚು ಬ್ಲಾಕಿನ ಗೋಡೆ, ಮತ್ತದೇ ಬೆತ್ತಲೆ ಸ್ಲ್ಯಾಬ್. ಈಗ ಮಹಡಿಯಲ್ಲಿ ಪಡುವ ಪಾಡನ್ನು ಆಮೇಲೆ ಮನೆಯ ತುಂಬಾ ಪಡಬೇಕಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ತೊಲೆ, ಜಂತಿಗಳನ್ನು ಗೆದ್ದಲು ಒಳಗಿಂದ ತಿಂದು ಮುಗಿಸಿದ್ದರೆ, ಪಾಯ ಕುಸಿದು ಗೋಡೆ ವಾಲಿದ್ದರೆ ಅದು ಬೇರೆ ವಿಷಯ. ಆಗ ಜೀವದ ಪ್ರಶ್ನೆ ಮುಂದೆ ಬರುತ್ತದೆ. ಸ್ಲ್ಯಾಬಿನ ಕೆಳಗೆ ಗಾರೆ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೂ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಕಟ್ಟುವ ಕೆಲಸ ಹಿಡಿಯುವವರನ್ನಲ್ಲ, ಬರೀ ಪರೀಕ್ಷೆ ಮಾಡಿ ಫೀಸು ತೆಗೆದುಕೊಂಡು ಹೋಗುವವರನ್ನು.

ಈಗ ತಾರಸಿ. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು. ದಾವಣಗೆರೆಯಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ನಿಲ್ಲುತ್ತಾನೆ. ಬೇಸಿಗೆಯಲ್ಲಿ ಗೋಡೆಗಿಂತ ಎಷ್ಟೋ ಜಾಸ್ತಿ ಬಿಸಿಲು ಬೀಳುವುದು ತಾರಸಿಗೆ. ಕಪ್ಪಾದ, ಪಾಚಿಗಟ್ಟಿದ ಸಿಮೆಂಟ್ ತಾರಸಿಯ ಮೈ ಮಧ್ಯಾಹ್ನ 60 ಡಿಗ್ರಿಯ ಹತ್ತಿರ ಹೋಗುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬನ್ನು ದಾಟಿ ಆ ಕಾವು ಒಳಗೆ ಬರಲು ಮೂರು ನಾಲ್ಕು ಗಂಟೆ ಸಾಕು. ಅದಕ್ಕೇ ಸಂಜೆ ಹೊರಗೆ ತಂಪಾದ ಮೇಲೂ ನಿಮ್ಮ ಮಹಡಿ ಕೋಣೆ ಕುದಿಯುತ್ತಿರುತ್ತದೆ, ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಸುತ್ತುತ್ತದೆ, ರಾತ್ರಿ ಹನ್ನೊಂದಾದರೂ ಸೀಲಿಂಗ್‌ಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ.

ಅತಿ ಅಗ್ಗದ ಉಪಾಯ ಬಿಳಿ ಬಣ್ಣ. ಇದನ್ನು ಸುಮ್ನೆ ಹೇಳುತ್ತಿಲ್ಲ. ತೆಲಂಗಾಣ 2023ರಲ್ಲಿ ಕೂಲ್ ರೂಫ್ ಅಂತಲೇ ಒಂದು ನೀತಿ ಮಾಡಿತು. ಅಹಮದಾಬಾದಿನಲ್ಲಿ ಬಡವರ ಮನೆಗಳ ಸೂರಿಗೆ ಸುಣ್ಣ ಬಳಿಯುವ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಬಿಳಿ ತಾರಸಿ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಸ್ಲ್ಯಾಬಿನ ಕೆಳಗಿನ ಕೋಣೆ ಎರಡರಿಂದ ಐದು ಡಿಗ್ರಿ ತನಕ ತಣ್ಣಗಾಗುತ್ತದೆ. ತಾರಸಿಯನ್ನು ಉಜ್ಜಿ ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಮೂರು ಕೈ ಬಳಿದರೂ ಆಯಿತು. ಆದರೆ ಒಂದು ಮಳೆಗಾಲಕ್ಕೆ ಅದು ಮಾಸಿಹೋಗುತ್ತದೆ, ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಮತ್ತೆ ಬಳಿಯಬೇಕು. ಅಂಗಡಿಯ ಕೂಲ್ ರೂಫ್ ಪೇಂಟ್ ಕೆಲವು ವರ್ಷ ಬಾಳುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಎಸ್‌ಆರ್‌ಐ ಅನ್ನುವ ಸಂಖ್ಯೆ (ಬಿಸಿಲನ್ನು ವಾಪಸ್ ಕಳಿಸಿ ಎಷ್ಟು ತಣ್ಣಗಿರುತ್ತದೆ ಅನ್ನುವ ಅಳತೆ) ನೋಡಿ, ಅದು 100ರ ಆಸುಪಾಸಿನಲ್ಲಿರಲಿ. ಆ ಸಂಖ್ಯೆಯೇ ಇಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸ್ವಲ್ಪ ಜಾಸ್ತಿ ಖರ್ಚು ಮಾಡುವ ಶಕ್ತಿ ಇದ್ದರೆ ಶಾಖ ತಡೆಯುವ ಪದರ ಹಾಕಿಸಿ. ಎಕ್ಸ್‌ಪಿಎಸ್ ಅಂತ ಒಂದು ಗಟ್ಟಿ ಫೋಮ್ ಹಲಗೆ ಸಿಗುತ್ತದೆ. ಎರಡಿಂಚು ದಪ್ಪದ ಹಲಗೆ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಿಂದ ತಡೆಯಬೇಕೆಂದರೆ ಎರಡು ಮೀಟರ್‌ಗೂ ಹೆಚ್ಚು ದಪ್ಪ ಬೇಕಾಗುತ್ತದೆ! ಮೊದಲು ಬಿರುಕು ತುಂಬಿಸಿ, ನೀರು ಹರಿಯುವ ವಾಟ ಸರಿಮಾಡಿ, ವಾಟರ್‌ಪ್ರೂಫಿಂಗ್ ಮಾಡಿಸಿ. ಅದರ ಮೇಲೆ ಈ ಹಲಗೆ, ಅದರ ಮೇಲೆ ತೆಳ್ಳನೆಯ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ ಚೂರುಗಳನ್ನು ಕೂರಿಸಿ. ಟೈಲ್ಸ್ ಅಂಗಡಿಗಳಲ್ಲಿ ಒಡೆದ ಚೂರು ತೀರಾ ಅಗ್ಗಕ್ಕೆ ಸಿಗುತ್ತದೆ. ಹೊಸ ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತಾ ಅನ್ನುವ ನಿಯಮಾವಳಿ ತಂದಿತು. ಸೂರಿನಿಂದ ಶಾಖ ಎಷ್ಟು ಸುಲಭವಾಗಿ ಒಳಗೆ ಬರುತ್ತದೆ ಅನ್ನುವುದಕ್ಕೆ ಅದರಲ್ಲಿ ಒಂದು ಅಳತೆ ಇದೆ, ಅದು 1.2 ದಾಟಬಾರದು. ಬರೀ ಆರ್‌ಸಿಸಿ ಸ್ಲ್ಯಾಬಿನಲ್ಲಿ ಅದು 3ಕ್ಕೂ ಮೇಲಿರುತ್ತದೆ. ಈ ಹಲಗೆ ಹಾಕಿದರೆ 1ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ನಿಮ್ಮ ಹಳೇ ಸ್ಲ್ಯಾಬ್ ಹೊಸ ಮನೆಯ ಕಾನೂನನ್ನೇ ಹಿಂದೆ ಹಾಕುತ್ತದೆ.

ಮೊದಲೆಲ್ಲ ಇಟ್ಟಿಗೆ ಚೂರು, ಸುಣ್ಣ ಸೇರಿಸಿ ನಾಲ್ಕಿಂಚು ದಪ್ಪಕ್ಕೆ ಬಡಿಯುತ್ತಿದ್ದರು. ಒಳ್ಳೆಯ ಕೆಲಸವೇ. ಆದರೆ ಅದರ ಭಾರ ಚದರ ಮೀಟರಿಗೆ 150 ಕಿಲೋಗೂ ಜಾಸ್ತಿ. 1988ರಲ್ಲಿ ನಿಮ್ಮ ಸ್ಲ್ಯಾಬಿಗೆ ಎಷ್ಟು ಸರಳು ಹಾಕಿದ್ದರು ಅನ್ನುವುದು ಗೊತ್ತಿಲ್ಲದೆ ಅಷ್ಟು ಹೊರೆ ಹೇರಬಾರದು. ಫೋಮ್ ಹಲಗೆಯ ಭಾರ ಚದರ ಮೀಟರಿಗೆ ಎರಡು ಕಿಲೋ ಒಳಗೇ. ಮೇಲಿನ ಕಾಂಕ್ರೀಟ್ ಎಷ್ಟು ದಪ್ಪ ಇರಬೇಕು ಅಂತ ಎಂಜಿನಿಯರ್ ಹೇಳಲಿ.

ಕೋಣೆಯ ಒಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿದರೆ ಸಾಕು ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಅದು ನೋಡಲು ಚೆಂದ, ಆದರೆ ಸ್ಲ್ಯಾಬ್ ಮೇಲಿಂದ ಕಾಯುವುದು ತಪ್ಪುವುದಿಲ್ಲ. ದಿನಾ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತಲೇ ಇರುತ್ತದೆ, ಮಳೆ ಸೋರಿದರೆ ಗೊತ್ತಾಗುವುದೂ ತಡ. ಬಿಸಿಲನ್ನು ಹೊರಗೇ ತಡೆಯಬೇಕು.

ಕಿಟಕಿಗೂ ಇದೇ ಮಾತು. ಒಳಗೆ ದಪ್ಪ ಪರದೆ ಹಾಕುವ ಹೊತ್ತಿಗೆ ಬಿಸಿಲು ಗಾಜು ದಾಟಿ ಮನೆಯೊಳಗೆ ಬಂದಾಗಿರುತ್ತದೆ. ಹೊರಗೆ ಬಿದಿರಿನ ತಟ್ಟಿ ಅಥವಾ ಲಾವಂಚದ ತಟ್ಟಿ ಇಳಿಬಿಡಿ. ಪಶ್ಚಿಮದ ಕಿಟಕಿಗೆ ಸಜ್ಜಾ ಇದ್ದರೂ ಪ್ರಯೋಜನ ಕಮ್ಮಿ, ಸಂಜೆಯ ಸೂರ್ಯ ಸಜ್ಜಾದ ಕೆಳಗಿಂದ ನುಗ್ಗುತ್ತಾನೆ. ಅಲ್ಲಿ ತಟ್ಟಿ ಅಥವಾ ಬಳ್ಳಿಯೇ ಬೇಕು. ಜಾಗ ಇದ್ದರೆ ಗೋಡೆಯಿಂದ ಹತ್ತು ಹದಿನೈದು ಅಡಿ ದೂರಕ್ಕೆ ಒಂದು ಹೊಂಗೆ ನೆಡಿ. ಬೇಸಿಗೆ ಏರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ತುಂಬಿ ನಿಲ್ಲುವ ಮರ ಅದು. ಮತ್ತೆ ದಯವಿಟ್ಟು ಹಳೇ ಮರದ ಕಿಟಕಿಗಳನ್ನು ಕಿತ್ತು ಜಾರುವ ಪ್ಲಾಸ್ಟಿಕ್ ಕಿಟಕಿ ಹಾಕಿಸಬೇಡಿ. ಜಾರುವ ಕಿಟಕಿ ಎಷ್ಟು ತೆರೆದರೂ ಅರ್ಧವೇ ತೆರೆಯುತ್ತದೆ, ಎರಡು ಬಾಗಿಲಿನ ಮರದ ಕಿಟಕಿ ಪೂರ್ತಿ ತೆರೆಯುತ್ತದೆ. ನಿಮ್ಮ ಊರಿನದು ಒಣ ಬೇಸಿಗೆ, ರಾತ್ರಿ ಗಾಳಿ ತಂಪಾಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ಎಲ್ಲ ತೆರೆಯಿರಿ. ಇದಕ್ಕೆ ಪೈಸೆ ಖರ್ಚಿಲ್ಲ.

ಮುಂಭಾಗದ ಮನೆಗೆ ಬರೋಣ. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು ಇವತ್ತು ದುಡ್ಡು ಕೊಟ್ಟರೂ ಕಟ್ಟಿಸುವುದು ಕಷ್ಟ. ಹೊರಗಿನ ಕಾವು ಅದನ್ನು ದಾಟಿ ಒಳಗೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗಿರುತ್ತದೆ. ಮಣ್ಣಿನ ಗೋಡೆ ಅಂದರೆ ಹಿಂದುಳಿದದ್ದು ಅನ್ನುವ ಭಾವನೆ ಇನ್ನೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' (ASTRA) ಕೇಂದ್ರದ ವಿಜ್ಞಾನಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದು ಇದೇ ಮಣ್ಣಿನ ಮೇಲೆ ಅನ್ನುವುದನ್ನು ನಿಮ್ಮ ಕಂಟ್ರಾಕ್ಟರ್‌ಗೂ ಹೇಳಿ.

ಗೋಡೆಯ ಬುಡ ಉದುರುವುದಕ್ಕೆ ಕಾರಣ ಮಣ್ಣಲ್ಲ, ಬಹುಶಃ ಮೇಲೆ ಬಳಿದ ಸಿಮೆಂಟ್. ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ಇತ್ತು, ಹದಿನೈದು ವರ್ಷದ ಹಿಂದೆ "ಗಟ್ಟಿ ಇರಲಿ ಅಂತ" ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಮೇಲೆ ಎನಾಮಲ್ ಪೇಂಟ್ ಹೊಡೆಸಿದ್ದೇವೆ ಅಂತ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಬಳಿದರೆ ಬಿಟ್ಟುಕೊಡುವ ದಾರಿ ಮುಚ್ಚುತ್ತದೆ. ಒಳಗೇ ಉಳಿದ ನೀರು ಇನ್ನೂ ಮೇಲಕ್ಕೆ ಏರಿ, ಉಪ್ಪು ಕಟ್ಟಿ, ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ. ಒದ್ದೆ ಗೋಡೆಯಲ್ಲಿ ಶಾಖವೂ ಬೇಗ ಹರಿಯುತ್ತದೆ, ಹಾಗಾಗಿ ಇದು ಬರೀ ಅಂದದ ಪ್ರಶ್ನೆ ಅಲ್ಲ. ಉದುರುತ್ತಿರುವ ಕಡೆ ಮೂರ್ನಾಲ್ಕು ಅಡಿ ಎತ್ತರದ ತನಕ ಸಿಮೆಂಟ್ ಕಿತ್ತುಹಾಕಿಸಿ. ಒಂದು ಬೇಸಿಗೆ ಹಾಗೇ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ ಮಾಡಿಸಿ, ಮೇಲೆ ಸುಣ್ಣವನ್ನೇ ಬಳಿಸಿ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ ಹದ ಮಾಡುವ, ಬೆಲ್ಲ ಮತ್ತು ಅಳಲೆಕಾಯಿ ನೀರು ಸೇರಿಸುವ ಕೈಗಳು ಈಗ ಕಮ್ಮಿ. ಊರಿನ ಹಳೇ ದೇವಸ್ಥಾನಗಳ ಜೀರ್ಣೋದ್ಧಾರ ಮಾಡಿದ ಮೇಸ್ತ್ರಿಗಳನ್ನು ವಿಚಾರಿಸಿ, ಸಿಗುತ್ತಾರೆ. ಹಾಗೇ ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ದೋಣಿ ಹಾಕಿಸಿ ದೂರಕ್ಕೆ ಹರಿಸಿ. ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಇಷ್ಟಕ್ಕೇ ನಿಲ್ಲುತ್ತದೆ.

ಹೆಂಚು ಮಧ್ಯಾಹ್ನ ಕಾಯುವುದು ನಿಜ, ತೆಳ್ಳಗಿರುವುದರಿಂದ ಸಂಜೆ ಅಷ್ಟೇ ಬೇಗ ಆರುತ್ತದೆ. ಕರಾವಳಿಯ ಹಳೇ ಮನೆಗಳಲ್ಲಿ ಮಂಗಳೂರು ಹೆಂಚಿನ ಕೆಳಗೆ ಚಪ್ಪಟೆಯಾದ ಇನ್ನೊಂದು ಹೆಂಚಿನ ಸಾಲು ಇರುತ್ತದೆ. ನಡುವಿನ ಗಾಳಿ ಬಿಸಿಯನ್ನು ತಡೆಯುತ್ತದೆ. ನೀವೂ ಹಾಕಿಸಬಹುದು. ಅಟ್ಟ ಇದ್ದರೆ ಕಿತ್ತುಹಾಕಬೇಡಿ, ಅದೂ ಅದೇ ಕೆಲಸ ಮಾಡುತ್ತದೆ, ಎರಡೂ ತುದಿಗೆ ಜಾಲರಿ ಇಟ್ಟು ಬಿಸಿಗಾಳಿ ಹೊರಹೋಗುವ ಹಾಗೆ ನೋಡಿಕೊಳ್ಳಿ. ಒಡೆದ ಹೆಂಚು ಬದಲಿಸುವಾಗ ಹೆಂಚಿನ ಬೆನ್ನ ಮೇಲಿನ ಅಚ್ಚು ನೋಡಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹತ್ತಾರು ಕಂಪನಿಗಳು ಬಂದವು, ಒಬ್ಬರ ಹೆಂಚು ಇನ್ನೊಬ್ಬರದಕ್ಕೆ ಸರಿಯಾಗಿ ಕೂರುವುದಿಲ್ಲ, ಕೂರದ ಕಡೆ ಸೋರುತ್ತದೆ. ಕತ್ತಲೆ ಕೋಣೆಗೆ ಒಂದೆರಡು ಗಾಜಿನ ಹೆಂಚು ಹಾಕಿಸಿ, ಹಗಲು ಲೈಟ್ ಹಾಕುವುದು ತಪ್ಪುತ್ತದೆ.

ಇನ್ನು ಯಂತ್ರಗಳು. ಅದಕ್ಕೂ ಮೊದಲು ವೈರಿಂಗ್ ಪರೀಕ್ಷೆ ಮಾಡಿಸಿ. ಹಳೇ ಅಲ್ಯೂಮಿನಿಯಂ ತಂತಿ ಇದ್ದರೆ, ಅರ್ಥಿಂಗ್ ಇಲ್ಲದಿದ್ದರೆ ಅದನ್ನು ಬದಲಿಸಿಯೇ ಮುಂದಿನ ಮಾತು, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಕೂಡ ಹಾಕಿಸಿ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನ್‌ಗೆ 30 ವ್ಯಾಟ್ ಸಾಕು. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಒಂದು ಫ್ಯಾನ್‌ನಿಂದ ಹದಿಮೂರು ಯೂನಿಟ್ ಉಳಿಯುತ್ತದೆ, ನಾಲ್ಕು ಫ್ಯಾನ್‌ಗೆ ಐವತ್ತಕ್ಕೂ ಮೇಲೆ. ನೂರು ಲೀಟರ್ ಸ್ನಾನದ ನೀರು ಕಾಯಿಸಲು ಗೀಸರ್‌ಗೆ ಸುಮಾರು ಮೂರು ಯೂನಿಟ್ ಬೇಕು, ಸೋಲಾರ್ ಹೀಟರ್ ಇದ್ದರೆ ಬಿಸಿಲಿರುವ ದಿನ ಅದೂ ಬೇಡ. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಹಾಗಾಗಿ ಕೊನೆಯ ಐವತ್ತು ಅರವತ್ತು ಯೂನಿಟ್ ನಿಮಗೆ ತುಂಬಾ ದುಬಾರಿ.

ಮಗನಿಗೆ ಇದನ್ನು ಓದಿ ಹೇಳಿ. ಸೋಲಾರ್ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ತಾರಸಿ ಕೆಲಸ ಮುಗಿಯುವ ಮೊದಲು ಪ್ಯಾನಲ್ ಕೂರಿಸಬೇಡಿ. ಸ್ಟ್ಯಾಂಡಿನ ಬೋಲ್ಟು ಹೊಡೆದ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಲು ಎಲ್ಲ ಬಿಚ್ಚಬೇಕಾಗುತ್ತದೆ. ಏಸಿ ವಿಷಯದಲ್ಲಿ ಮಾತ್ರ ಒಂದು ಬೇಸಿಗೆ ಕಾಯಲಿ. ಕಾದ ಸ್ಲ್ಯಾಬಿನ ಕೆಳಗಿನ ಏಸಿಯ ಕಂಪ್ರೆಸರ್‌ಗೆ ಬಿಡುವೇ ಸಿಗುವುದಿಲ್ಲ, ಒಂದೊಂದು ಏಸಿಯೇ ತಿಂಗಳಿಗೆ 150 ಯೂನಿಟ್ ತಿಂದೀತು. ತಾರಸಿ ಸರಿಮಾಡಿದ ಮೇಲೂ ಸೆಕೆ ಅನ್ನಿಸಿದರೆ ಮೊದಲು ಏರ್ ಕೂಲರ್ ಇಟ್ಟು ನೋಡಿ, ಮಂಗಳೂರಿನಲ್ಲಿ ಕೆಲಸಕ್ಕೆ ಬಾರದ ಕೂಲರ್ ನಿಮ್ಮ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದು ಕಿಟಕಿ ತೆರೆದೇ ಇರಬೇಕು ಅಷ್ಟೇ. ಅದೂ ಸಾಲದಿದ್ದರೆ ಒಂದೇ ಕೋಣೆಗೆ ಒಂದು ಟನ್ನಿನ ಐದು ಸ್ಟಾರ್ ಏಸಿ ಹಾಕಿಸಿ, 26ರಲ್ಲಿಟ್ಟು ಫ್ಯಾನ್ ಜೊತೆಗೆ ಓಡಿಸಿ.

ತಾರಸಿ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಇರುವುದಿಲ್ಲ, ಕಾಂಕ್ರೀಟ್ ಕ್ಯೂರಿಂಗ್‌ಗೆ ಉರಿಬಿಸಿಲೂ ಇರುವುದಿಲ್ಲ. ಮುಗಿದ ಮೇಲೆ ಬರುವ ಏಪ್ರಿಲ್ ಮತ್ತು ಮೇ ಬಿಲ್ಲುಗಳನ್ನು ಹಿಂದಿನ ವರ್ಷದ್ದರ ಜೊತೆ ನಮಗೆ ಕಳಿಸಿಕೊಡಿ, ಅದೇ ರೀತಿಯ ಮನೆಗಳಲ್ಲಿರುವ ಉಳಿದ ಓದುಗರಿಗಾಗಿ ಇಲ್ಲೇ ಪ್ರಕಟಿಸುತ್ತೇವೆ.