ಬೈಕ್ ಹತ್ತಿ ಬಿರುಗಾಳಿಯ ಬೆನ್ನು ಹತ್ತಬಹುದೇ?

ಪತ್ರ:

"ಸರ್, ನಾನು ಸಿಂದಗಿ ಕಡೆಯವನು. ವಿಜಯಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಅಮೆರಿಕದವರು ಕಾರಿನಲ್ಲಿ ಸುಂಟರಗಾಳಿಯ ಬೆನ್ನು ಹತ್ತುವ ವಿಡಿಯೋಗಳನ್ನು ನಾನೂ ನನ್ನ ದೋಸ್ತರೂ ಬಿಡದೆ ನೋಡುತ್ತೇವೆ. ಹೋದ ಬೇಸಿಗೆಯಲ್ಲಿ ದೇವರ ಹಿಪ್ಪರಗಿ ಕಡೆ ಕಪ್ಪು ಮೋಡ ಎದ್ದಾಗ ಎರಡು ಬೈಕ್ ತಗೊಂಡು ಅದರ ಹಿಂದೆ ಹೋದೆವು. ಆಲಿಕಲ್ಲು ಬಿದ್ದವು. ಒಬ್ಬರ ಶೆಡ್ಡಿನ ಪತ್ರಾಸ್ ತಗಡು ಹಾರಿ ಹೋಗುವುದು ಮೊಬೈಲಿನಲ್ಲಿ ಸಿಕ್ಕಿತು. ವಿಡಿಯೋ ಸಿಕ್ಕಾಪಟ್ಟೆ ಓಡಿತು. ಈ ಸಲ ಡ್ರೋನ್ ತರುವ ವಿಚಾರ ಇದೆ. ನಮ್ಮ ಜಿಲ್ಲೆಗೆ ನಿಜವಾದ ಸುಂಟರಗಾಳಿ ಬರುತ್ತದೆಯೇ? ಬಂದರೆ ಹೇಗೆ ಪಾರಾಗಬೇಕು? ಒಳ್ಳೆಯ ಫೋಟೋ ಸಿಕ್ಕರೆ ನಿಮ್ಮ ಪತ್ರಿಕೆಯಲ್ಲಿ ಹಾಕುತ್ತೀರಾ? ಹೆಸರು ಹಾಕಬೇಡಿ, ಮನೆಯಲ್ಲಿ ಗೊತ್ತಿಲ್ಲ."

ಉತ್ತರ:

ತಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ಹಾಕುವುದಿಲ್ಲ. ಸಿಡಿಲು ಬೀಳುವಾಗ ಬಯಲಲ್ಲಿ ನಿಂತು ತೆಗೆದ ಚಿತ್ರ ಎಷ್ಟೇ ಚೆನ್ನಾಗಿರಲಿ, ನಮ್ಮಲ್ಲಿ ಬರುವುದಿಲ್ಲ. ಒಂದು ಹಾಕಿದರೆ ಮುಂದಿನ ವಾರ ಹತ್ತು ಬರುತ್ತವೆ. ಹನ್ನೊಂದನೆಯದನ್ನು ತೆಗೆಯಲು ಹೋದವನ ಸುದ್ದಿಯನ್ನೂ ನಾವೇ ಹಾಕಬೇಕಾದೀತು. ಮನೆಯೊಳಗೆ ನಿಂತು, ಕಿಟಕಿ ಮುಚ್ಚಿ, ಗಾಜಿನಾಚೆಯ ಮೋಡವನ್ನು ತೆಗೆದಿದ್ದರೆ ಕಳಿಸಿ. ಸಂತೋಷದಿಂದ ನೋಡುತ್ತೇನೆ.

ನಿಮ್ಮ ಪತ್ರದಲ್ಲಿ ಹುಡುಗಾಟಕ್ಕಿಂತ ಕುತೂಹಲ ಜಾಸ್ತಿ ಕಂಡಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಂಟರಗಾಳಿ ಹುಟ್ಟಲು ಬಿಸಿಲು, ಮೋಡ ಇದ್ದರೆ ಸಾಲದು. ಅಮೆರಿಕದ ನಡುನಾಡಿನ ಬಯಲಿಗೆ ಏಪ್ರಿಲ್-ಮೇ ತಿಂಗಳಲ್ಲಿ ಮೆಕ್ಸಿಕೋ ಕೊಲ್ಲಿಯಿಂದ ತೇವದ ಗಾಳಿ ನುಗ್ಗುತ್ತದೆ. ಪಶ್ಚಿಮದ ಬೆಟ್ಟಸಾಲಿನ ಕಡೆಯಿಂದ ಒಣಗಾಳಿ ಬಂದು ಅದರ ಮೇಲೆ ಕೂರುತ್ತದೆ. ಇನ್ನೂ ಮೇಲೆ, ಎಂಟು-ಹತ್ತು ಕಿ.ಮೀ. ಎತ್ತರದಲ್ಲಿ, ಬಲು ಜೋರಾದ ಗಾಳಿ ಓಡುತ್ತಿರುತ್ತದೆ. ನೆಲದ ಹತ್ತಿರ ಒಂದು ದಿಕ್ಕು, ಒಂದು ವೇಗ. ಮೇಲೆ ಬೇರೆಯೇ ದಿಕ್ಕು, ಬೇರೆಯೇ ವೇಗ. ಈ ಎಳೆದಾಟಕ್ಕೆ ಸಿಕ್ಕಿ ಇಡೀ ಮೋಡವೇ ತಿರುಗತೊಡಗುತ್ತದೆ. ಅಂಥ ಮೋಡಕ್ಕೆ ಸೂಪರ್‌ಸೆಲ್ ಎನ್ನುತ್ತಾರೆ. ದೊಡ್ಡ ಸುಂಟರಗಾಳಿಗಳು ಹೆಚ್ಚಾಗಿ ಇಳಿಯುವುದು ಅದರಿಂದಲೇ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳಾಗುತ್ತವೆ.

ನಮ್ಮಲ್ಲೂ ಆ ತಿಂಗಳಲ್ಲಿ ಬಿಸಿಲಿಗೆ ಕೊರತೆ ಇಲ್ಲ. ಸಮುದ್ರದ ತೇವವೂ ಬರುತ್ತದೆ. ಆದರೆ ಮೇಲಿನ ಆ ಜೋರು ಗಾಳಿ ಬಹುಮಟ್ಟಿಗೆ ಉತ್ತರ ಭಾರತದ ಮೇಲೇ ಉಳಿದಿರುತ್ತದೆ. ಹಾಗಾಗಿ ನಮ್ಮ ಅಡ್ಡಮಳೆಯ ಮೋಡ ಮಧ್ಯಾಹ್ನ ಎದ್ದು, ಸಂಜೆ ಸುರಿದು, ತನ್ನ ಮಳೆಯ ತಂಪಿಗೆ ತಾನೇ ಕುಸಿಯುತ್ತದೆ. ತಿರುಗುವಷ್ಟು ಹೊತ್ತು ಬದುಕುವುದೇ ಅಪರೂಪ. ಮಾರ್ಚ್ ತಿಂಗಳ ಬಿಸಿಲಲ್ಲಿ ಎರಿಹೊಲದಲ್ಲಿ ಎದ್ದು ಕಸಕಡ್ಡಿ ಎತ್ತುತ್ತದಲ್ಲ, ಆ ಸುಳಿಗಾಳಿಯ ಕಥೆಯೇ ಬೇರೆ. ಅದು ಮೋಡವಿಲ್ಲದ ದಿನ ಕಾದ ನೆಲದಿಂದ ಮೇಲೇಳುತ್ತದೆ. ಸುಂಟರಗಾಳಿ ಗುಡುಗಿನ ಮೋಡದ ಹೊಟ್ಟೆಯಿಂದ ಇಳಿಯುತ್ತದೆ.

ಹಾಗಂತ ಭಾರತಕ್ಕೆ ಅದು ಬರುವುದೇ ಇಲ್ಲ ಎಂದುಕೊಳ್ಳಬೇಡಿ. 1978ರ ಮಾರ್ಚ್ 17ರಂದು ದೆಹಲಿಯ ಉತ್ತರ ಭಾಗದಲ್ಲೇ ಬೀಸಿ 28 ಜನರನ್ನು ಕೊಂದಿತ್ತು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಮೈನಾಗುರಿ ಕಡೆ ಮನೆಗಳನ್ನು ಕಿತ್ತುಹಾಕಿತು. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಬೀಸಿದ್ದು ಅಮೆರಿಕದಲ್ಲಲ್ಲ, ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರಂದು. ಸತ್ತವರು ಸುಮಾರು 1,300 ಜನ.

ಹಾಗಾದರೆ ನೀವು ಕಂಡ ಪತ್ರಾಸನ್ನು ಹಾರಿಸಿದ್ದು ಯಾವ ಗಾಳಿ? ಬಹುತೇಕ ಮೇಲಿಂದ ಕೆಳಕ್ಕೆ ಬಿದ್ದ ಗಾಳಿ. ಮಳೆ, ಆಲಿಕಲ್ಲುಗಳ ಜೊತೆ ತಂಪಾದ ಭಾರದ ಗಾಳಿ ಮೋಡದಿಂದ ಧಡ್ಡನೆ ಇಳಿಯುತ್ತದೆ. ನೆಲಕ್ಕೆ ಬಡಿದು ಎಲ್ಲ ಕಡೆ ಚಿಮ್ಮುತ್ತದೆ. ಮಳೆಗಿಂತ ಮೊದಲು ಧೂಳಿನ ಗೋಡೆ ಬಂದು ಮುಖಕ್ಕೆ ರಾಚುತ್ತದಲ್ಲ, ಅದೇ ಇದು. ಇದನ್ನು ಗುರುತಿಸಿದವರು ಫುಜಿಟಾ ಎಂಬ ಜಪಾನಿ ಮೂಲದ ವಿಜ್ಞಾನಿ. ಸುಂಟರಗಾಳಿಯ ಬಲ ಹೇಳಲು 1971ರಲ್ಲಿ ಅಳತೆಗೋಲು ಕೊಟ್ಟವರೂ ಅವರೇ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಅಪ್ಪಳಿಸಿದ್ದಕ್ಕೆ ಈ ಬೀಳುಗಾಳಿಯೇ ಕಾರಣ ಎಂದು ಅವರು ವಾದಿಸಿ ಗೆದ್ದರು. ವಿಮಾನವನ್ನೇ ಕೆಡವುವ ಗಾಳಿಗೆ ನಿಮ್ಮ ಬೈಕ್ ಯಾವ ಲೆಕ್ಕ? ಮತ್ತೊಂದು ಮಾತು. ಈ ಗಾಳಿಯ ಬೆನ್ನು ಹತ್ತಲು ಆಗುವುದೇ ಇಲ್ಲ. ಅದು ಬಿದ್ದದ್ದು ಗೊತ್ತಾಗುವ ಹೊತ್ತಿಗೆ ನೀವು ಅದರ ಕೆಳಗೇ ಇರುತ್ತೀರಿ.

ಈಗ ನೀವು ನೋಡುವ ಅಮೆರಿಕದವರ ವಿಷಯ. ಅವರಲ್ಲಿ ಟಿಮ್ ಸಮಾರಸ್ ಎಂಬುವರಿದ್ದರು. ನೆಲಕ್ಕೆ ಕಚ್ಚಿಕೊಂಡು ಕೂರುವ ಚಪ್ಪಟೆ ಉಪಕರಣ ಮಾಡಿ, ಅದನ್ನು ಸುಂಟರಗಾಳಿಯ ದಾರಿಯಲ್ಲಿಟ್ಟು ಓಡಿಬರುತ್ತಿದ್ದರು. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಹಳ್ಳಿಯ ಹತ್ತಿರ ಆ ಉಪಕರಣ ಗಾಳಿಯ ಒತ್ತಡ 100 ಮಿಲಿಬಾರ್, ಅಂದರೆ ಸುಮಾರು ಹತ್ತರಲ್ಲೊಂದು ಪಾಲು, ಕುಸಿದದ್ದನ್ನು ದಾಖಲಿಸಿತು. ಅದು ಆಗಿನ ಕಾಲಕ್ಕೆ ಯಾರೂ ಅಳೆಯದ ಅಂಕಿ. ಹುಂಬತನಕ್ಕೆ ಹೆಸರಾದವರಲ್ಲ, ಎಚ್ಚರಿಕೆಗೆ ಹೆಸರಾದವರು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಬಳಿ ಸುಂಟರಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ವೇಗ ಹೆಚ್ಚಿಸಿಕೊಂಡಿತು. ಹಿಗ್ಗಿ ಹಿಗ್ಗಿ 4.2 ಕಿ.ಮೀ. ಅಗಲವಾಯಿತು. ಇಷ್ಟು ಅಗಲದ್ದು ಇನ್ನೊಂದು ದಾಖಲಾಗಿಲ್ಲ. ಸುತ್ತಲೂ ಮಳೆಯ ಪರದೆ, ಒಳಗೇನಿದೆ ಕಾಣುವುದಿಲ್ಲ. ಟಿಮ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಕಾರು ಸಮೇತ ಅದಕ್ಕೆ ಸಿಕ್ಕಿ ಸತ್ತರು. ಅದೇ ಸಂಜೆ ಅದೇ ಗಾಳಿಗೆ ಹತ್ತಿರದ ಒಬ್ಬ ಹವ್ಯಾಸಿಯೂ ಸಿಕ್ಕಿಬಿದ್ದ. ಟಿವಿ ವಾಹಿನಿಯೊಂದರ ಗಾಡಿಯನ್ನು ಗಾಳಿ ಎತ್ತಿ ಹೊಲಕ್ಕೆ ಎಸೆಯಿತು. ಆ ದಿನ ಸುಂಟರಗಾಳಿಯಿಂದ ಸತ್ತವರೆಲ್ಲ ವಾಹನಗಳಲ್ಲಿದ್ದವರೇ.

ಅದಕ್ಕೂ ಮೊದಲು ಈ ಹವ್ಯಾಸದಲ್ಲಿ ಪ್ರಾಣ ಹೋಗಿದ್ದು ಸುಂಟರಗಾಳಿಯಿಂದಲ್ಲ, ರಸ್ತೆಯಲ್ಲಿ. ಆಮೇಲೂ ಹಾಗೆಯೇ. 2017ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಕೂಡುರಸ್ತೆಯೊಂದರಲ್ಲಿ ಬೆನ್ನಟ್ಟುವವರ ಎರಡು ಗಾಡಿಗಳೇ ಡಿಕ್ಕಿಯಾಗಿ ಮೂವರು ಸತ್ತರು. ಒಂದು ಗಾಡಿ ನಿಲ್ಲಬೇಕಾದ ಕಡೆ ನಿಂತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ಸುಂಟರಗಾಳಿ ನೋಡಿಕೊಂಡು ಕ್ಷೇಮವಾಗಿ ವಾಪಸ್ ಬರುತ್ತಿದ್ದರು. ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿತು. ಲಾರಿ ಬಂದು ಗುದ್ದಿತು. ನಿಮ್ಮದೇ ವಯಸ್ಸಿನ ಹುಡುಗರು. ನಿಮಗಿಂತ ಹೆಚ್ಚು ಓದಿಕೊಂಡವರು.

ಈ ಪಾಡು ಪಟ್ಟವರ ಕೈಯಲ್ಲಿ ಕೆಲವೇ ನಿಮಿಷಕ್ಕೊಮ್ಮೆ ಹೊಸದಾಗುವ ರೇಡಾರ್ ಚಿತ್ರ ಇತ್ತು. ಬಯಲಿಗೆ ಗೆರೆ ಹಾಕಿದ ಹಾಗೆ ಚೌಕ ಚೌಕವಾದ ರಸ್ತೆಗಳಿದ್ದವು. ಪಾರಾಗುವ ದಾರಿಯನ್ನು ಮೊದಲೇ ನೋಡಿಟ್ಟುಕೊಂಡೇ ಹೊರಡುತ್ತಿದ್ದರು. ನಿಮ್ಮ ಹತ್ತಿರ ಏನಿದೆ? ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದಿರೋ, ಹತ್ತು ನಿಮಿಷದ ಮಳೆಗೆ ಎರಿಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬೈಕ್ ನಿಂತಲ್ಲೇ ನಿಲ್ಲುತ್ತದೆ. ಅದನ್ನು ನಾನು ನಿಮಗೆ ಹೇಳಬೇಕಿಲ್ಲ. ಹೆದ್ದಾರಿಯಲ್ಲೇ ಉಳಿದರೆ ಎದುರಿಗೆ ಲಾರಿ, ಕಣ್ಣಿಗೆ ಧೂಳು, ರಸ್ತೆ ತುಂಬ ಆಲಿಕಲ್ಲು. ಬ್ರೇಕ್ ಹಿಡಿಯುವುದಿಲ್ಲ. ಇನ್ನು ಹಳ್ಳಗಳು. ಮಳೆ ಎಲ್ಲೋ ಮೇಲೆ ಬಿದ್ದಿರುತ್ತದೆ, ನೀರು ಇಲ್ಲಿ ಬರುತ್ತದೆ. ಮೊಣಕಾಲಿಗೂ ಬಾರದ ನೀರು ಜೋರಾಗಿ ಹರಿಯುತ್ತಿದ್ದರೆ ಬೈಕನ್ನು ಎಳೆದೊಯ್ಯಲು ಅಷ್ಟು ಸಾಕು.

ಇವೆಲ್ಲಕ್ಕಿಂತ ನಮ್ಮ ಭಾಗದಲ್ಲಿ ನಿಜವಾಗಿ ಕೊಲ್ಲುವುದು ಸಿಡಿಲು. ಸುಂಟರಗಾಳಿಯ ಗುಂಗಿನಲ್ಲಿ ನಿಮ್ಮ ಪತ್ರದಲ್ಲಿ ಇದರ ಹೆಸರೇ ಇಲ್ಲ. ಪ್ರತಿ ಬೇಸಿಗೆ ಹೊಲದಲ್ಲಿದ್ದವರು, ಕುರಿ ಕಾಯುವವರು, ಬೇವಿನ ಮರದ ಕೆಳಗೆ ನಿಂತವರು ಸಾಯುತ್ತಾರೆ. ಮರಕ್ಕೆ ಬಿದ್ದ ಸಿಡಿಲು ಮರದಲ್ಲೇ ಮುಗಿಯುವುದಿಲ್ಲ. ನೆಲದಲ್ಲಿ ಸುತ್ತ ಹರಡುತ್ತದೆ. ಕುರಿಯ ಮುಂದಿನ ಕಾಲಿನಿಂದ ಹತ್ತಿ ಹಿಂದಿನ ಕಾಲಿನಿಂದ ಇಳಿಯುವಾಗ ಎದೆಯ ಮೂಲಕವೇ ಹಾಯುತ್ತದೆ. ಒಂದೇ ಏಟಿಗೆ ಹಿಂಡುಗಟ್ಟಲೆ ಕುರಿ ಬೀಳುವುದು ಅದಕ್ಕೇ.

ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ದೂರ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಅಂದರೆ ಮುಂದಿನದು ನಿಮ್ಮ ಮೇಲೂ ಬೀಳಬಹುದು. ಪಕ್ಕಾ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮೇಲೆ ಕಬ್ಬಿಣದ ಚಾವಣಿ ಇರುವ ಕಾರು ಅಥವಾ ಬಸ್ಸು ಸಿಕ್ಕರೆ ಗಾಜು ಏರಿಸಿ ಒಳಗೆ ಕೂರಬಹುದು. ಕಾಪಾಡುವುದು ಆ ಕಬ್ಬಿಣ, ಟೈರಿನ ರಬ್ಬರ್ ಅಲ್ಲ. ಹಾಗಾಗಿ ಬೈಕಿಗೂ ಟೈರ್ ಇದೆಯಲ್ಲ ಎನ್ನುವ ವಾದ ಬೇಡ. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬ ಮಾತು ಸುಮ್ನೆ. ಮೊಬೈಲ್ ಹಿಡಿದು ಬಯಲಲ್ಲಿ ನಿಲ್ಲುವುದು ಅಪಾಯ, ಅಷ್ಟೇ. ಎಲ್ಲೂ ಆಸರೆ ಇಲ್ಲದಿದ್ದರೆ ಮರ, ಕಂಬ, ತಂತಿಬೇಲಿಯಿಂದ ದೂರ ಸರಿದು, ಒಬ್ಬರಿಂದೊಬ್ಬರು ಅಂತರ ಬಿಟ್ಟು, ಪಾದ ಕೂಡಿಸಿ ಕುಕ್ಕರಗಾಲಲ್ಲಿ ಕೂರಿ. ನೆಲಕ್ಕೆ ಮಲಗಬೇಡಿ.

ಯಾರಿಗಾದರೂ ಹೊಡೆದರೆ ಮುಟ್ಟಲು ಹೆದರಬೇಡಿ. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕರೆಂಟಿನ ತಂತಿ ಹರಿದು ಬಿದ್ದಿದ್ದರೆ ಮಾತ್ರ ಲೆಕ್ಕ ಉಲ್ಟಾ. ಆಗ ಹತ್ತಿರವೂ ಸುಳಿಯಬಾರದು. ಹೆಸ್ಕಾಂನ 1912ಕ್ಕೆ ತಿಳಿಸಿ, ಬೇರೆಯವರನ್ನೂ ದೂರ ನಿಲ್ಲಿಸಿ.

ಡ್ರೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಡ್ರೋನ್‌ಗಳು ಗಂಟೆಗೆ 35-40 ಕಿ.ಮೀ. ಗಾಳಿಗೇ ಸೋಲುತ್ತವೆ. ಬಿರುಗಾಳಿಗೆ ಬಿಟ್ಟರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೀವು ಹೇಳಲಾರಿರಿ. ದುಡ್ಡು ಉಳಿಸಿ.

ಪತ್ರಾಸಿನ ವಿಡಿಯೋ ನನ್ನನ್ನು ಇನ್ನೊಂದು ರೀತಿಯಲ್ಲೂ ಕಾಡಿತು. ಆ ಶೆಡ್ ಯಾರದೋ ಗೊತ್ತಿಲ್ಲ. ಒಣದ್ರಾಕ್ಷಿ ಹಾಕಿದ್ದರೆ ಒಂದು ವರ್ಷದ ದುಡಿಮೆ ಅದರೊಳಗೇ ಇತ್ತು. ಗಾಳಿ ನಿಂತ ಮೇಲೆ ನೀವು ಅಲ್ಲಿಗೆ ಹೋಗಿ ಕೇಳಿದಿರಾ? ಪತ್ರದಲ್ಲಿ ಆ ಮಾತಿಲ್ಲ. ಹಾರಿದ ತಗಡು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಸುಂಟರಗಾಳಿಯಲ್ಲೂ ಜನ ಹೆಚ್ಚಾಗಿ ಸಾಯುವುದು ಹೀಗೆ ಹಾರಿ ಬರುವ ವಸ್ತುಗಳಿಂದಲೇ. ಅದು ನಿಮ್ಮ ಕಡೆ ತಿರುಗಿದ್ದರೆ ವಿಡಿಯೋ ತೆಗೆಯಲು ಯಾರೂ ಉಳಿಯುತ್ತಿರಲಿಲ್ಲ.

ಹೇಗೆ ಪಾರಾಗಬೇಕು ಎಂದು ಕೇಳಿದ್ದೀರಿ. ಸುಂಟರಗಾಳಿಗೂ ನಮ್ಮ ಬೀಳುಗಾಳಿಗೂ ಉಪಾಯ ಹೆಚ್ಚುಕಡಿಮೆ ಒಂದೇ. ತಗಡಿನ ಶೆಡ್ ಬಿಟ್ಟು ಗಟ್ಟಿ ಸ್ಲ್ಯಾಬ್ ಇರುವ ಮನೆ ಸೇರಿ. ಕೆಳಗಿನ ಅಂತಸ್ತು, ಕಿಟಕಿ ಇಲ್ಲದ ಒಳಕೋಣೆ. ನಮ್ಮ ಮನೆಗಳಲ್ಲಿ ಕಾಳಿನ ಕೋಣೆಯೋ ದೇವರ ಕೋಣೆಯೋ ಆಗಬಹುದು. ಬೈಕಿನ ಹೆಲ್ಮೆಟ್ ಹಾಕಿಕೊಳ್ಳಿ, ಹಾಸಿಗೆ ಹೊದ್ದು ತಲೆ ಕಾಪಾಡಿಕೊಳ್ಳಿ. ಒತ್ತಡ ಸಮ ಆಗಲಿ ಎಂದು ಕಿಟಕಿ ತೆರೆದಿಡುವ ಹಳೆಯ ಸಲಹೆ ತಪ್ಪು. ಸೇತುವೆಯ ಕೆಳಗೆ ಅಡಗುವುದೂ ತಪ್ಪು. 1991ರಲ್ಲಿ ಕ್ಯಾನ್ಸಸ್‌ನಲ್ಲಿ ಹಾಗೆ ಬದುಕಿದವರ ವಿಡಿಯೋ ಊರೆಲ್ಲ ಓಡಿತು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಅದನ್ನೇ ನಂಬಿ ಸೇತುವೆ ಕೆಳಗೆ ಹೋದವರಲ್ಲಿ ಕೆಲವರು ಸತ್ತರು. ಇಕ್ಕಟ್ಟಿನಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಅಮೆರಿಕದವರು ನೆಲಮನೆಗೆ ಇಳಿಯಿರಿ ಎನ್ನುತ್ತಾರೆ. ಅದನ್ನು ಕೇಳಿ ನೆಲದಡಿ ಕಾಳು ತುಂಬುತ್ತಿದ್ದ ಹಳೆಯ ಹಗೇವಿಗೆ ಮಾತ್ರ ಇಳಿಯಬೇಡಿ. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಉಸಿರುಗಟ್ಟಿಸಿ ಕೊಲ್ಲುತ್ತದೆ.

ಇನ್ನು ನಿಮ್ಮ ಕುತೂಹಲದ ಮಾತು. 2018 ಮತ್ತು 2019ರ ಮಳೆಗಾಲದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಪಕ್ಕದ ಸೊಲ್ಲಾಪುರದಲ್ಲೇ ಬೀಡುಬಿಟ್ಟಿದ್ದರು. ರೇಡಾರ್ ಇಟ್ಟುಕೊಂಡು, ವಿಮಾನದಲ್ಲಿ ಹಾರಿ, ಮೋಡಗಳನ್ನು ಅಳೆದರು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆಪ್ ಆ ಸಂಸ್ಥೆಯದೇ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆಪ್ ಕೂಡ ಇದೆ. ಎರಡನ್ನೂ ಹಾಕಿಕೊಳ್ಳಿ, ಮನೆಯವರ ಮೊಬೈಲಿಗೂ ಹಾಕಿಕೊಡಿ. ಅದೇ ನೆಪದಲ್ಲಿ ಹೋದ ಬೇಸಿಗೆಯ ವಿಷಯವನ್ನೂ ಅವರಿಗೆ ಹೇಳಿಬಿಡಿ.

ಮನೆಯ ಮಾಳಿಗೆ ಮೇಲೆ ನೇರ ಗೋಡೆಯ ಡಬ್ಬಿಯೊಂದನ್ನು ಮಳೆ ಬರುವ ಮೊದಲೇ ಇಟ್ಟು, ನಿಂತ ಮೇಲೆ ಸ್ಕೇಲಿನಿಂದ ಅಳೆಯಿರಿ. ಎಷ್ಟು ಮಿ.ಮೀ. ನೀರೋ ಅಷ್ಟು ಮಿ.ಮೀ. ಮಳೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಸರ್ಕಾರದ ಮಳೆಮಾಪಕಗಳಿವೆ. ನಿಮ್ಮ ಅಂಕಿಯನ್ನು ಅದರ ಜೊತೆ ಹೋಲಿಸಿ ನೋಡಿ. ಗಾಳಿ ಯಾವ ದಿಕ್ಕಿನಿಂದ ಎಷ್ಟು ಗಂಟೆಗೆ ಎದ್ದಿತು, ಆಲಿಕಲ್ಲು ಎಷ್ಟು ದಪ್ಪ, ಮರುದಿನ ನೋಡಿದಾಗ ಮರಗಳೆಲ್ಲ ಒಂದೇ ಕಡೆ ಬಿದ್ದಿವೆಯೋ ಅಡ್ಡಾದಿಡ್ಡಿ ಬಿದ್ದಿವೆಯೋ ಬರೆದಿಡಿ. ಒಂದೇ ಕಡೆ ಬಿದ್ದಿದ್ದರೆ ಬೀಳುಗಾಳಿ ಇರಬೇಕು. ತಿರುಚಿಕೊಂಡು ಒಂದರ ಮೇಲೊಂದು ಬಿದ್ದಿದ್ದರೆ ಸುಂಟರಗಾಳಿಯ ಅನುಮಾನ ಪಡಬಹುದು. ಫುಜಿಟಾ ಕೂಡ ಗಾಳಿ ನಿಂತ ಮೇಲೆ ಹೋಗಿ ಬಿದ್ದ ಮರಗಳನ್ನು ನೋಡಿಯೇ ಅಷ್ಟೆಲ್ಲ ಕಂಡುಹಿಡಿದರು. ಸುಂಟರಗಾಳಿಯನ್ನು ಕಣ್ಣಾರೆ ನೋಡಿದ್ದು ಬಹಳ ತಡವಾಗಿ.

ಇಂಥ ಟಿಪ್ಪಣಿ ಇದ್ದರೆ ಕಳಿಸಿ, ಅದನ್ನು ಖಂಡಿತ ಹಾಕುತ್ತೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಇದ್ದರೆ ಪುಣೆ ವಿಶ್ವವಿದ್ಯಾಲಯದಲ್ಲಿ ವಾಯುಮಂಡಲ ವಿಜ್ಞಾನದ ಎಂ.ಎಸ್ಸಿ. ಇದೆ, ಕೊಚ್ಚಿಯಲ್ಲಿ ಹವಾಮಾನಶಾಸ್ತ್ರದ್ದಿದೆ. ಪ್ರವೇಶ ಪರೀಕ್ಷೆಯ ವಿವರ ಈಗಲೇ ನೋಡಿಟ್ಟುಕೊಳ್ಳಿ. ವಿಜಯಪುರದಿಂದ ಪುಣೆಗೆ ಬಸ್ಸುಗಳಿಗೇನು ಕೊರತೆಯಿಲ್ಲ.

— ಸಂಪಾದಕ